ಸಿಎನ್‌ಸಿ ಕೈಕೊಟ್ಟರೆ ನಾನು ಹುಡುಕುವ ರೀತಿ

ವಿಜಯನಗರದ ನಮ್ಮ ಮನೆಯ ಮಹಡಿ ಮೇಲೆ ಶೀಟ್ ಹೊದಿಸಿದ ಒಂದು ರೂಮಿದೆ. ಅಲ್ಲೇ ನನ್ನ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಮರ ಕೆತ್ತುವ ಮಷೀನು. ಫ್ರೇಮಿನಿಂದ ಹಿಡಿದು ವೈರಿಂಗ್ ತನಕ ನಾನೇ ಜೋಡಿಸಿದ್ದು. ಆರ್ಡುಯಿನೊ ಊನೊ ಅನ್ನುವ ಚಿಕ್ಕ ಕಂಟ್ರೋಲರ್ ಬೋರ್ಡು, ಅದರೊಳಗೆ ಮಷೀನು ನಡೆಸುವ ಜಿಆರ್‌ಬಿಎಲ್ 1.1 ತಂತ್ರಾಂಶ, ಮೋಟಾರುಗಳನ್ನು ತಿರುಗಿಸಲು ಟಿಬಿ6600 ಮಾದರಿಯ ಡ್ರೈವರ್ ಡಬ್ಬಿಗಳು, 8 ಮಿ.ಮೀ. ಲೀಡ್ ಇರುವ (ಸುತ್ತಿಗೆ 8 ಮಿ.ಮೀ. ಸರಿಸುವ) ಟಿ8 ಸ್ಕ್ರೂ. ಕೆಲಸ ಹೆಚ್ಚಾಗಿ ಮನೆ ಹೆಸರಿನ ಬೋರ್ಡು ಕೆತ್ತುವುದು. ತೇಗ, ಸಿಲ್ವರ್ ಓಕ್, ದುಡ್ಡು ಕಡಿಮೆ ಅಂದವರಿಗೆ ಎಂಡಿಎಫ್.

ಇಂಥ ಮಷೀನು ಕೆಡದೇ ಇರುವುದಿಲ್ಲ. ಕೆಟ್ಟಾಗ ನಮ್ಮಲ್ಲಿ ಬಹಳ ಜನ ಮಾಡುವುದು ಒಂದೇ: ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗುವುದು. ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್.ಪಿ. ರೋಡ್ ಕೈಗೆಟುಕುವ ದೂರದಲ್ಲಿ ಇರೋದರಿಂದ ಬೆಂಗಳೂರಿನವರಿಗೆ ಈ ಚಟ ಸ್ವಲ್ಪ ಜಾಸ್ತಿನೇ. ಡ್ರೈವರ್ ತಂದು ಹಾಕು, ಸರಿಹೋಗಲಿಲ್ವಾ, ಮೋಟಾರ್ ತಾ. ನಾನು ಹಾಗೆ ಮಾಡುವುದಿಲ್ಲ. ಮೊದಲು ಒಂದೇ ಒಂದು ವಿಷಯ ನೋಡುತ್ತೇನೆ: ಈ ತಪ್ಪು ಯಾವುದರ ಜೊತೆ ಬೆಳೆಯುತ್ತಿದೆ? ಹೊತ್ತು ಕಳೆದಂತೆಯಾ? ಮಷೀನು ಓಡಿದ ದೂರಕ್ಕೆ ತಕ್ಕಂತೆಯಾ? ದಿಕ್ಕು ಬದಲಿಸಿದಷ್ಟೂ ಜಾಸ್ತಿಯಾಗುತ್ತಾ? ಇಲ್ಲಾ ಪಕ್ಕದಲ್ಲಿ ಇನ್ನೇನೋ ಆನ್ ಆದಾಗ ಮಾತ್ರ ಬರುತ್ತಾ? ಇಷ್ಟು ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ.

ನನ್ನನ್ನು ಜಾಸ್ತಿ ಕಾಡಿದ್ದು ಆಳದ ಸಮಸ್ಯೆ. ಬೋರ್ಡಿನ ಎಡಗಡೆ ಅಕ್ಷರಗಳು ನೀಟಾಗಿ ಬರುತ್ತಿದ್ದವು. ಬಲಕ್ಕೆ ಹೋದಂತೆ ದಪ್ಪ ಆಗುತ್ತಿದ್ದವು. ನಾನು ಬಳಸುವುದು 90 ಡಿಗ್ರಿಯ ವಿ-ಬಿಟ್, ಅಂದರೆ ವಿ ಆಕಾರದ ಮೊನೆಯ ಕೆತ್ತುವ ಕಡ್ಡಿ. ಆ ಬಿಟ್ ಅರ್ಧ ಮಿ.ಮೀ. ಹೆಚ್ಚು ಇಳಿದರೆ ಗೆರೆ 1 ಮಿ.ಮೀ. ಹೆಚ್ಚು ಅಗಲವಾಗುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಹೆಸರು ಉದ್ದ ಇದ್ದಷ್ಟೂ ಕೊನೆಯ ಅಕ್ಷರ ಊದಿಕೊಳ್ಳುತ್ತಿತ್ತು. ಅದೇ ಹಲಗೆಯಲ್ಲಿ ಒಂದೇ ಎಳೆಯ ಬಳ್ಳಿ ಡಿಸೈನ್ ಕೆತ್ತಿದರೆ ಏನೂ ತೊಂದರೆ ಇಲ್ಲ.

ಕನ್ನಡ ಬರವಣಿಗೆಯಲ್ಲಿ ಬಿಟ್ಟನ್ನು ಎತ್ತಿ ಇಳಿಸುವ ಕೆಲಸ ಜಾಸ್ತಿ. ಒತ್ತಕ್ಷರ ಬೇರೆ, ತಲೆಕಟ್ಟು ಬೇರೆ, ದೀರ್ಘ ಬೇರೆ. ಒಂದೊಂದಕ್ಕೂ ಝಡ್ ಆಕ್ಸಿಸ್ (ಮೇಲೆ ಕೆಳಗೆ ಓಡುವ ಭಾಗ) ಮೇಲೇಳಬೇಕು, ಇನ್ನೊಂದು ಕಡೆ ಹೋಗಿ ಇಳಿಯಬೇಕು. ಬಳ್ಳಿಗೆ ಆ ತಾಪತ್ರಯ ಇಲ್ಲ. ನನ್ನ ಅನುಮಾನ ಹುಟ್ಟಿದ್ದೇ ಇಲ್ಲಿ.

ಮೊದಲು ಮೋಟಾರನ್ನು ಸ್ಕ್ರೂಗೆ ಜೋಡಿಸುವ ಕಪ್ಲರ್ ನೋಡಿದೆ. ಮೋಟಾರ್ ಶಾಫ್ಟ್, ಕಪ್ಲರ್, ಸ್ಕ್ರೂ ಮೂರನ್ನೂ ಹಾಯುವ ಹಾಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು ಓಡಿಸಿದೆ. ಕೆಲಸ ಮುಗಿದ ಮೇಲೂ ಗೆರೆ ನೇರವಾಗೇ ಇತ್ತು. ಅಂದರೆ ಕಪ್ಲರ್ ಬಿಗಿಯುವ ಗ್ರಬ್ ಸ್ಕ್ರೂ ಜಾರುತ್ತಿಲ್ಲ. ಆಮೇಲೆ ಬಿಟ್ ತಿರುಗಿಸುವ ಸ್ಪಿಂಡಲಿನ ಭಾರ. ಮೋಟಾರಿಗೆ ಎತ್ತಲು ಶಕ್ತಿ ಸಾಲದೆ ಸ್ಟೆಪ್ (ಮೋಟಾರ್ ಒಂದು ಸಲಕ್ಕೆ ಇಡುವ ಚಿಕ್ಕ ಹೆಜ್ಜೆ) ತಪ್ಪಿದರೂ ಬಿಟ್ ಕೆಳಗೇ ಹೋಗುತ್ತದೆ. ಜಿಆರ್‌ಬಿಎಲ್ ಸೆಟ್ಟಿಂಗುಗಳಲ್ಲಿ $112ರಲ್ಲಿ ಝಡ್ ವೇಗ, $122ರಲ್ಲಿ ಆಕ್ಸಿಲರೇಷನ್, ಎರಡನ್ನೂ ಅರ್ಧ ಮಾಡಿದೆ. ಶಕ್ತಿಯ ಸಮಸ್ಯೆ ಆಗಿದ್ದರೆ ತಪ್ಪು ಕಮ್ಮಿ ಆಗಬೇಕಿತ್ತು. ಒಂಚೂರೂ ಆಗಲಿಲ್ಲ. ಇದು ಒಳ್ಳೆ ಸುದ್ದಿ, ಯಾಕಂದರೆ ಮೋಟಾರ್ ಖರ್ಚು ಉಳಿಯಿತು.

ಕಾಮಾಕ್ಷಿಪಾಳ್ಯದಲ್ಲಿ ಲೇತ್ ಅಂಗಡಿ ಇಟ್ಟಿರುವ ಯಜಮಾನರು ಒಬ್ಬರು ನನಗೆ ಪರಿಚಯ. ಎಚ್‌ಎಂಟಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅವರ ಹತ್ತಿರ ಚೂರೇ ಸರಿದರೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜು, ಮ್ಯಾಗ್ನೆಟ್ ಸ್ಟ್ಯಾಂಡು ಕೇಳಲು ಹೋದೆ.

"ಎಷ್ಟು ತಪ್ತಾ ಇದೆ ಸಾರ್?"

"ಅದೇ ಅಳೀಬೇಕು ಯಜಮಾನ್ರೇ."

"ಅಳೆಯೋವಾಗ ಒಂದೇ ಕಡೆಯಿಂದ ಬಂದು ಮುಳ್ಳು ಓದಿ. ಮೇಲಿಂದ ಒಂದ್ಸಲ, ಕೆಳಗಿಂದ ಒಂದ್ಸಲ ಓದಿದ್ರೆ ಸ್ಕ್ರೂನಲ್ಲಿರೋ ಪ್ಲೇ, ಅಂದ್ರೆ ಸಡಿಲಾನೂ ಅದ್ರಲ್ಲಿ ಸೇರ್ಕೊಳ್ಳುತ್ತೆ. ಆಮೇಲೆ ಯಾವುದು ಯಾವುದು ಅಂತ ಗೊತ್ತಾಗಲ್ಲ."

ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ಮಷೀನಿನಲ್ಲಿ ಇದು ದಿನಾ ಮಾಡುವ ಕೆಲಸ. ನಮ್ಮಂಥ ಕಂಪ್ಯೂಟರ್ ಕಡೆಯಿಂದ ಬಂದವರಿಗೆ ಹೊಳೆಯುವುದಿಲ್ಲ.

ಗೇಜನ್ನು ಕೆಳಗಿನ ತುದಿಯಲ್ಲಿ ಮಾತ್ರ ಸ್ಪಿಂಡಲ್ ತಾಗುವ ಹಾಗೆ ಕೂರಿಸಿದೆ. ಮೇಲಿಂದ ಇಳಿದು ಬಂದಾಗ ಮಾತ್ರ ಓದುವುದು. ಒಂದು ಗೆರೆ ಅಂದರೆ 0.01 ಮಿ.ಮೀ. ಚಿಕ್ಕ ಜಿ-ಕೋಡ್ (ಮಷೀನಿಗೆ ಕೊಡುವ ಆದೇಶ) ಬರೆದು ಝಡ್ ಆಕ್ಸಿಸನ್ನು 2 ಮಿ.ಮೀ. ಎತ್ತಿ ಇಳಿಸುವುದನ್ನು 100 ಸಲ ಮಾಡಿಸಿದೆ. ಮುಳ್ಳು 50 ಗೆರೆ ಸರಿದಿತ್ತು. ಮುಂದೆ 2ರ ಬದಲು 20 ಮಿ.ಮೀ., ಮತ್ತೆ 100 ಸಲ. ದೂರ ಹತ್ತು ಪಟ್ಟು ಆದರೂ ಮುಳ್ಳು ಸರಿದದ್ದು ಅದೇ 50 ಗೆರೆ. ಕೊನೆಗೆ 40 ಮಿ.ಮೀ. ಎತ್ತರಕ್ಕೆ ಬರೀ 5 ಸಲ. ಒಟ್ಟು ದೂರ ಮೊದಲಿನಷ್ಟೇ, 400 ಮಿ.ಮೀ. ಮುಳ್ಳು ಎರಡೂವರೆ ಗೆರೆಯಷ್ಟು ಮಾತ್ರ ಅಲುಗಿತು.

ಇಲ್ಲಿಗೆ ಗೊತ್ತಾಯಿತು. ತಪ್ಪಿಗೂ ದೂರಕ್ಕೂ ಸಂಬಂಧ ಇಲ್ಲ. ಅದು ದಿಕ್ಕು ಬದಲಿಸಿದ ಲೆಕ್ಕಕ್ಕೆ ಸರಿಯಾಗಿ ಬೆಳೆಯುತ್ತಿದೆ. ಒಂದು ಏರಿಳಿತಕ್ಕೆ 0.005 ಮಿ.ಮೀ. ಈಗ ಸ್ಟೆಪ್ ಲೆಕ್ಕ ಹಾಕಿ: ಮೋಟಾರಿಗೆ ಸುತ್ತಿಗೆ 200 ಸ್ಟೆಪ್, ಡ್ರೈವರಿನಲ್ಲಿ ಅದೊಂದೊಂದೂ ಒಡೆದು 16 ಮೈಕ್ರೋಸ್ಟೆಪ್, ಸ್ಕ್ರೂ ಸುತ್ತಿಗೆ 8 ಮಿ.ಮೀ. ಒಂದು ಮಿ.ಮೀ.ಗೆ 400 ಸ್ಟೆಪ್. ಒಂದು ಸ್ಟೆಪ್ ಅಂದರೆ 0.0025 ಮಿ.ಮೀ. ಅಂದರೆ ಪ್ರತಿ ಏರಿಳಿತಕ್ಕೂ ಕರೆಕ್ಟಾಗಿ ಎರಡು ಸ್ಟೆಪ್ ಹೋಗುತ್ತಿದೆ. ಸವೆದ ನಟ್ಟು, ಬಿಸಿಯಾದ ಡ್ರೈವರ್ ಇಷ್ಟು ಶಿಸ್ತಿನಿಂದ ತಪ್ಪು ಮಾಡುವುದಿಲ್ಲ, ಅಲ್ವಾ? ಇದು ಸಿಗ್ನಲ್ಲಿನ ಟೈಮಿಂಗ್.

ಕಾರಣ ಹೀಗೆ. ಜಿಆರ್‌ಬಿಎಲ್ ದಿಕ್ಕಿನ ಪಿನ್ ಬದಲಿಸಿದ ಮರುಕ್ಷಣವೇ ಸ್ಟೆಪ್ ಪಲ್ಸ್ (ಒಂದು ಸ್ಟೆಪ್ ಹಾಕು ಅನ್ನುವ ಸಿಗ್ನಲ್) ಕಳಿಸುತ್ತದೆ. ನಡುವೆ ಹೇಳಿಕೊಳ್ಳುವಷ್ಟು ಬಿಡುವೇ ಇಲ್ಲ. ಎ4988 ತರದ ಡ್ರೈವರ್ ಚಿಪ್ಪಿಗೆ ನೇರ ಕೊಟ್ಟರೆ ನಡೆಯುತ್ತದೆ, ಅದಕ್ಕೆ 200 ನ್ಯಾನೋಸೆಕೆಂಡ್ ಸಾಕು. ನನ್ನ ಡ್ರೈವರ್ ಡಬ್ಬಿಯ ಬಾಗಿಲಲ್ಲಿ ಸಿಗ್ನಲ್ಲನ್ನು ಬೆಳಕಿನ ಮೂಲಕ ದಾಟಿಸುವ ಆಪ್ಟೋಕಪ್ಲರ್ ಕೂತಿದೆ. ಈ ಸಾಮಾನು ಆನ್ ಆಗುವುದು ಬೇಗ, ಆಫ್ ಆಗುವುದು ನಿಧಾನ. ಹಾಗಾಗಿ ಒಂದು ದಿಕ್ಕಿಗೆ ತಿರುಗುವಾಗ ಸುದ್ದಿ ಸರಿಯಾಗಿ ಮುಟ್ಟುತ್ತದೆ. ವಾಪಸ್ ತಿರುಗುವಾಗ ಮೊದಲ ಸ್ಟೆಪ್ ಬಂದರೂ ದಿಕ್ಕಿನ ಸುದ್ದಿ ಬಂದಿರುವುದಿಲ್ಲ. ಆ ಒಂದು ಸ್ಟೆಪ್ಪನ್ನು ಡ್ರೈವರ್ ಹಳೇ ದಿಕ್ಕಿಗೇ ಹಾಕುತ್ತದೆ. ಈ ಕಡೆ ಒಂದು ಕಮ್ಮಿ, ಆ ಕಡೆ ಒಂದು ಜಾಸ್ತಿ. ಎರಡು ಸ್ಟೆಪ್. ಎರಡು ದಿಕ್ಕಿಗೂ ತಡವಾಗಿದ್ದರೆ ಒಂದಕ್ಕೊಂದು ವಜಾ ಆಗಿ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಪರಿಹಾರಕ್ಕೆ ಒಂದು ರೂಪಾಯಿ ಖರ್ಚಿಲ್ಲ. $2 ಸೆಟ್ಟಿಂಗ್ ಸ್ಟೆಪ್ ಪಲ್ಸನ್ನು ಉಲ್ಟಾ ಮಾಡುತ್ತದೆ. ನನ್ನ ವೈರಿಂಗಿನಲ್ಲಿ ಡ್ರೈವರ್ ಸಿಗ್ನಲ್ಲುಗಳ ಮೈನಸ್‌ಗಳನ್ನೆಲ್ಲ ಒಟ್ಟು ಸೇರಿಸಿ ಗ್ರೌಂಡಿಗೆ ಕೊಟ್ಟಿದ್ದೇನೆ. ಅದಕ್ಕೆ ಪಲ್ಸ್ ಶುರುವಾದ ಕೂಡಲೇ ಸ್ಟೆಪ್ ಬೀಳುತ್ತಿತ್ತು. ಉಲ್ಟಾ ಮಾಡಿದರೆ ಪಲ್ಸ್ ಮುಗಿಯುವಾಗ ಬೀಳುತ್ತದೆ. $0ಯಲ್ಲಿ ಪಲ್ಸ್ ಉದ್ದ 10 ಮೈಕ್ರೋಸೆಕೆಂಡ್ ಇದೆ, ಅಷ್ಟೂ ಬಿಡುವು ದಿಕ್ಕಿನ ಸಿಗ್ನಲ್ಲಿಗೆ ಸಿಕ್ಕಿತು. ಝಡ್‌ಗೆ ಮಾತ್ರ ಬೇಕಾದರೆ 4, ಮೂರೂ ಆಕ್ಸಿಸ್‌ಗೆ 7. ಡ್ರೈವರ್ ಮೂರೂ ಒಂದೇ ತರದ್ದು ಅಂತ ನಾನು 7 ಹಾಕಿದೆ. ಮತ್ತೆ ಅದೇ 100 ಏರಿಳಿತ ಓಡಿಸಿದೆ. ಮುಳ್ಳು ಹೊರಟ ಗೆರೆಗೇ ಬಂದು ನಿಂತಿತು. ನಿಮ್ಮ ವೈರಿಂಗಿನಲ್ಲಿ ಪ್ಲಸ್‌ಗಳನ್ನು ಸೇರಿಸಿ 5 ವೋಲ್ಟಿಗೆ ಕೊಟ್ಟಿದ್ದರೆ ಲೆಕ್ಕ ತಿರುಗುಮುರುಗು, ಅಲ್ಲಿ $2 ಸೊನ್ನೆಯೇ ಸರಿ.

ಇನ್ನು ‘ಪಕ್ಕದ್ದು ಆನ್ ಆದಾಗ ಮಾತ್ರ’ ಬರುವ ತಪ್ಪುಗಳು. ಸ್ಪಿಂಡಲ್ ಶುರುವಾದ ತಕ್ಷಣ ಅಲಾರಂ 1 ಬಂದು ಮಷೀನು ನಿಲ್ಲುವುದು ಇದರಲ್ಲಿ ಮಾಮೂಲಿ. ಓಟದ ತುದಿ ಬಂತು ಅಂತ ಹೇಳುವ ಲಿಮಿಟ್ ಸ್ವಿಚ್ಚನ್ನು ಯಾರೂ ಮುಟ್ಟಿರುವುದಿಲ್ಲ, ಆದರೂ ಮುಟ್ಟಿದ ಹಾಗೆ ಸಿಗ್ನಲ್ ಬರುತ್ತದೆ. ಊನೊ ಚಿಪ್ಪಿನ ಒಳಗಿನ ಪುಲ್-ಅಪ್ (ಪಿನ್ನನ್ನು 5 ವೋಲ್ಟಿಗೆ ಎಳೆದು ಹಿಡಿಯುವ ರೆಸಿಸ್ಟರ್) 20ರಿಂದ 50 ಕಿಲೋ ಓಮ್. ತುಂಬಾ ಸಡಿಲ. ಸ್ಪಿಂಡಲ್ ಓಡಿಸುವ ವಿಎಫ್‌ಡಿಯ ವಿದ್ಯುತ್ ಗಲಾಟೆ ಉದ್ದದ ವೈರಿನಲ್ಲಿ ಹತ್ತಿಕೊಂಡರೆ ಅದಕ್ಕೆ ತಡೆಯಲು ಆಗುವುದಿಲ್ಲ. ನಾನು ಪ್ರತಿ ಲಿಮಿಟ್ ಪಿನ್ನಿಗೂ ಹೊರಗಿಂದ 2.2 ಕಿಲೋ ಓಮ್ ಪುಲ್-ಅಪ್ ಹಾಕಿ, ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಕೊಟ್ಟೆ. ವೈರು ಶೀಲ್ಡ್ (ಲೋಹದ ಹೊದಿಕೆ) ಇರುವುದು, ಶೀಲ್ಡ್ ಒಂದೇ ತುದಿಯಲ್ಲಿ ಅರ್ತ್. ಸ್ವಿಚ್ಚುಗಳು ನಾರ್ಮಲಿ ಕ್ಲೋಸ್ಡ್ (ಮುಟ್ಟದಿದ್ದಾಗ ಸರ್ಕ್ಯೂಟ್ ಸೇರಿರುವಂಥವು), $5 ಅದಕ್ಕೆ ತಕ್ಕ ಹಾಗೆ 1. ಹೀಗಿದ್ದರೆ ವೈರು ತುಂಡಾದರೂ ಮಷೀನಿಗೆ ಗೊತ್ತಾಗುತ್ತದೆ. ಊನೊ ಮೇಲೆ ಕೂರುವ ಸಿಎನ್‌ಸಿ ಶೀಲ್ಡ್ ಬೋರ್ಡ್ ಬಳಸುವವರು ಇನ್ನೊಂದು ನೋಡಿಕೊಳ್ಳಿ: ಜಿಆರ್‌ಬಿಎಲ್ 0.9ರಿಂದ ಝಡ್ ಲಿಮಿಟ್ 12ನೇ ಪಿನ್ನಿಗೆ ಹೋಗಿದೆ, ಸ್ಪಿಂಡಲ್ 11ಕ್ಕೆ ಬಂದಿದೆ. ಎಷ್ಟೋ ಬೋರ್ಡುಗಳ ಮೇಲೆ ಅಚ್ಚಾಗಿರುವುದು ಹಳೇ ಹೆಸರೇ.

ಅರ್ತ್ ಅಂದೆ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ತ್ ಇದೆ ಅಂತಲ್ಲ. ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ಅರ್ತ್ ನಡುವೆ 230ರ ಆಸುಪಾಸು ಬರಬೇಕು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್. ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ಸುಮ್ನೆ ಸಾಹಸ ಬೇಡ. ನಮ್ಮ ಮನೆಯ ಅರ್ತಿಂಗ್ ಗುಂಡಿ ಸಂಪಿನ ಪಕ್ಕ ಇದೆ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಬೇಕು, ಮಣ್ಣು ಒಣಗಿದರೆ ಅರ್ತ್ ಹೆಸರಿಗಷ್ಟೇ.

ಬೇಸಿಗೆ ಅಂದರೆ ಇನ್ನೊಂದು ಕಾಟ. ಧೂಳೆಳೆಯಲು ವ್ಯಾಕ್ಯೂಮ್ ಹಚ್ಚುತ್ತೇನೆ. ಪ್ಲಾಸ್ಟಿಕ್ ಪೈಪಿನಲ್ಲಿ ಮರದ ಪುಡಿ ಉಜ್ಜಿಕೊಂಡು ಹೋಗುವಾಗ ಸ್ಟ್ಯಾಟಿಕ್ ಕೂಡುತ್ತದೆ. ಶಿವರಾತ್ರಿ ಆಸುಪಾಸಿನ ಒಣ ಹವೆಯಲ್ಲಿ ಅದು ಫ್ರೇಮಿಗೆ ಚಟ್ ಅಂತ ಹಾರಿ ಯುಎಸ್‌ಬಿ ಕನೆಕ್ಷನ್ ಹೋಗಿಬಿಡುತ್ತಿತ್ತು. ಮಳೆಗಾಲದಲ್ಲಿ ಒಂದು ಸಲವೂ ಇಲ್ಲ. ಪೈಪಿನ ಒಳಗೆ ಉದ್ದಕ್ಕೂ ಬರಿ ತಾಮ್ರದ ತಂತಿ ಎಳೆದು ಫ್ರೇಮಿಗೂ ಅರ್ತಿಗೂ ಸೇರಿಸಿದೆ. ಯುಎಸ್‌ಬಿ ಕೇಬಲ್ ಗಿಡ್ಡ ಮಾಡಿ ಫೆರೈಟ್ ಇರುವುದನ್ನು ಹಾಕಿದೆ. ನಿಂತಿತು.

ಹೊತ್ತಿನ ಜೊತೆ ಬೆಳೆಯುವ ತಪ್ಪು ಅಂದರೆ ಬಿಸಿ. ಬೆಳಗ್ಗೆ ಚೆನ್ನಾಗಿರುವ ಮಷೀನು ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಸ್ಟೆಪ್ ನುಂಗಿದರೆ ಡ್ರೈವರ್ ಮುಟ್ಟಿ ನೋಡಿ. ಫ್ಯಾನ್ ಹಾಕಿ, ಕರೆಂಟ್ ಸೆಟ್ಟಿಂಗ್ ಮೋಟಾರಿನ ರೇಟಿಂಗಿಗಿಂತ ಸ್ವಲ್ಪ ಕೆಳಗೆ ಇಡಿ. ಕರೆಂಟ್ ಇರುವಾಗ ಮಾತ್ರ ಮೋಟಾರ್ ವೈರು ಕಿತ್ತು ನೋಡಬೇಡಿ, ಡ್ರೈವರ್ ಅಲ್ಲೇ ಸುಟ್ಟುಹೋಗಬಹುದು.

ಸಾಫ್ಟ್‌ವೇರ್ ಕಡೆ ಕನ್ನಡದವರಿಗೆ ಮೊದಲ ತಲೆನೋವು ಅಕ್ಷರ ಒಡೆಯುವುದು. ಡಿಸೈನನ್ನು ಜಿ-ಕೋಡ್ ಮಾಡಿಕೊಡುವ ಕೆಲವು ಕ್ಯಾಮ್ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡ ನೇರ ಕೊಟ್ಟರೆ ಒತ್ತಕ್ಷರ ಚೆಲ್ಲಾಪಿಲ್ಲಿ. ನಾನು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು, ಪಾತ್ (ಬರೀ ಗೆರೆ) ಮಾಡಿ, ಆಮೇಲೆ ಎಲ್ಲ ಒಂದಾಗಲು ಯೂನಿಯನ್ ಕೊಡುತ್ತೇನೆ. ಯೂನಿಯನ್ ಬಿಟ್ಟರೆ ಅಕ್ಷರಕ್ಕೆ ಒತ್ತು ತಾಗುವ ಕಡೆ ಎರಡು ಗೆರೆ ಒಂದರ ಮೇಲೊಂದು ಬಿದ್ದು, ಬಿಟ್ ಅಕ್ಷರದ ಹೊಟ್ಟೆಯೊಳಗೇ ಕೆತ್ತಿಬಿಡುತ್ತದೆ.

ಅಳತೆ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಮಷೀನು ಬಿಚ್ಚಲು ಹೋಗಬೇಡಿ, ಫೈಲ್ ನೋಡಿ. ಗೆಳೆಯರೊಬ್ಬರು 320 ಮಿ.ಮೀ. ಬೋರ್ಡು 300ಕ್ಕೆ ಬರುತ್ತಿದೆ ಅಂತ ಮಿ.ಮೀ.ಗೆ ಎಷ್ಟು ಸ್ಟೆಪ್ ಅಂತ ಹೇಳುವ $100, $101 ಎರಡನ್ನೂ 400ರಿಂದ 426.667ಕ್ಕೆ ಏರಿಸಿದ್ದರು. ಆ ಬೋರ್ಡು ಸರಿ ಬಂತು. ಮುಂದಿನ ಹೊಸ ಡಿಸೈನ್ 320ರ ಬದಲು 341 ಆಯಿತು. ಹಳೇ ಫೈಲ್ ಇಂಕ್‌ಸ್ಕೇಪ್ 0.92ಕ್ಕಿಂತ ಹಿಂದಿನದು, ಅದರಲ್ಲಿ ಇಂಚಿಗೆ 90 ಪಿಕ್ಸೆಲ್. 2017ರಲ್ಲಿ ಬಂದ 0.92ರಿಂದ 96. ಅವರ ಕ್ಯಾಮ್ ತಂತ್ರಾಂಶ ಎಲ್ಲವನ್ನೂ 96 ಅಂತಲೇ ಓದುತ್ತಿತ್ತು. ಸ್ಕ್ರೂ ಇರುವ ಮಷೀನಿನಲ್ಲಿ ಮಿ.ಮೀ.ಗೆ ಎಷ್ಟು ಸ್ಟೆಪ್ ಅನ್ನುವುದು ಗುಣಿಸಿ ಭಾಗಿಸಿ ಬರುವ ಸಂಖ್ಯೆ, ಸ್ಕೇಲ್ ಇಟ್ಟು ಅಂದಾಜು ಮಾಡುವುದಲ್ಲ. ಎರಡಕ್ಕೂ ಮತ್ತೆ 400 ಹಾಕಿಸಿದೆ. ಹಳೇ ಫೈಲನ್ನು ಹೊಸ ಇಂಕ್‌ಸ್ಕೇಪಿನಲ್ಲಿ ತೆರೆದಾಗ ಅಳತೆ ಬದಲಿಸಬೇಕಾ ಅಂತ ಅದೇ ಕೇಳುತ್ತದೆ. ಹೌದು ಅಂತ ಒತ್ತಿ, ಸೇವ್ ಮಾಡಿ, ಅದನ್ನೇ ಕ್ಯಾಮ್‌ಗೆ ಕೊಟ್ಟೆವು. 320 ಬಂತು.