ಇಸಿಜಿ, ಇಇಜಿ ಮಾಡುವ ಕೆಲಸಕ್ಕೆ ಸೇರುವುದು ಹೇಗೆ?

ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಯಿತು. ನೀಟ್‌ನಲ್ಲಿ ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಆಮೇಲೆ ಮನೆಯಲ್ಲಿ ಬರುವ ಮಾತು ಎರಡೇ: ನರ್ಸಿಂಗ್ ಸೇರು, ಇಲ್ಲಾಂದ್ರೆ ಲ್ಯಾಬ್ ಟೆಕ್ನಿಷಿಯನ್ ಆಗು. ಎರಡೂ ಒಳ್ಳೆಯವೇ. ಆದರೆ ಹೃದಯ ಮತ್ತು ನರದ ಪರೀಕ್ಷೆ ಮಾಡುವ ಟೆಕ್ನಾಲಜಿಸ್ಟ್ ಕೆಲಸದ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ಎತ್ತಿದರೂ "ಅದೇನು, ಮಷಿನ್ ಬಟನ್ ಒತ್ತೋದು ತಾನೇ" ಅಂತಾರೆ. ಅಷ್ಟೇ ಅಲ್ಲ. ಬಟನ್ ಒತ್ತುವುದು ಯಾರಿಗಾದರೂ ಬರುತ್ತದೆ, ಮಷಿನ್‌ಗೆ ತಲುಪುವ ಸಿಗ್ನಲ್ ಸರಿ ಇರುವ ಹಾಗೆ ನೋಡಿಕೊಳ್ಳುವುದು ಕಲಿತ ಕೈಗೆ ಮಾತ್ರ ಬರುತ್ತದೆ.

ಮೊದಲು ಕೆಲಸ ಏನು ಅಂತ ತಿಳಿದುಕೊಳ್ಳಿ

ಹೃದಯದ ಕಡೆ ಶುರುವಾಗುವುದು ಇಸಿಜಿಯಿಂದ, ಅಂದರೆ ಹೃದಯದ ವಿದ್ಯುತ್ ಸಿಗ್ನಲ್ ದಾಖಲಿಸುವ ಪರೀಕ್ಷೆಯಿಂದ. 12 ಲೀಡ್, ಅಂದರೆ ಹೃದಯವನ್ನು 12 ಕೋನದಿಂದ ನೋಡುವ ಗೆರೆ ಅಂತಾರೆ, ಆದರೆ ಮೈಗೆ ಹಚ್ಚುವ ಎಲೆಕ್ಟ್ರೋಡ್ 10. ಕೈಕಾಲಿಗೆ ನಾಲ್ಕು, ಎದೆಗೆ ಆರು. ಎದೆಯ ಮೊದಲ ಎರಡು ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ, ಎದೆಮೂಳೆಯ ಬಲಕ್ಕೊಂದು ಎಡಕ್ಕೊಂದು ಕೂರಬೇಕು. ಬೆರಳಿಂದ ಪಕ್ಕೆಲುಬು ಎಣಿಸದೆ ಅಂದಾಜಿನಲ್ಲಿ ಹಚ್ಚುವವರು ಇವನ್ನು ಸಾಮಾನ್ಯವಾಗಿ ಮೇಲಕ್ಕೇ ಹಚ್ಚಿಬಿಡುತ್ತಾರೆ, ಆಗ ಇಲ್ಲದ ಕಾಯಿಲೆ ಇದ್ದ ಹಾಗೆ ಕಾಣಬಹುದು. ಬಲಗೈ ವೈರು ಎಡಗೈಗೆ ಹೋದರಂತೂ ಒಂದನೇ ಲೀಡ್ ತಲೆಕೆಳಗಾಗುತ್ತದೆ. ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ನಿಯಮ, ಹಾಗಾಗಿ ಇದನ್ನೆಲ್ಲ ಗಡಿಬಿಡಿಯಲ್ಲೇ ಸರಿಯಾಗಿ ಮಾಡಬೇಕು.

ಇಸಿಜಿ ಆದ ಮೇಲೆ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆ. ಬ್ರೂಸ್ ಪದ್ಧತಿಯಲ್ಲಿ ಪ್ರತಿ 3 ನಿಮಿಷಕ್ಕೆ ವೇಗ, ಏರು ಎರಡೂ ಜಾಸ್ತಿಯಾಗುತ್ತವೆ. ರೋಗಿಯ ಮುಖ, ಬಿಪಿ, ಪರದೆ ಮೂರನ್ನೂ ಒಟ್ಟಿಗೆ ನೋಡುತ್ತಿರಬೇಕು. ಇನ್ನು ದಿನವಿಡೀ ಮೈಮೇಲೆ ಇದ್ದು ಹೃದಯದ ಬಡಿತ ದಾಖಲಿಸುವ ಹೋಲ್ಟರ್ ಮಷಿನ್ ಇದೆ. ಕ್ಯಾಥ್ ಲ್ಯಾಬ್ ಇದೆ, ಅಲ್ಲಿ ಆಂಜಿಯೋಗ್ರಾಂ, ಅಂದರೆ ಹೃದಯದ ರಕ್ತನಾಳವನ್ನು ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ ನಡೆಯುವಾಗ ಡಾಕ್ಟರ್ ಪಕ್ಕ ಸೀಸದ ಏಪ್ರನ್ ಹಾಕಿಕೊಂಡು ಗಂಟೆಗಟ್ಟಲೆ ನಿಲ್ಲಬೇಕು. ಬೆನ್ನುನೋವು ಇರುವವರು ಇದನ್ನು ಈಗಲೇ ಯೋಚಿಸಿ.

ನರದ ಕಡೆ ಇನ್ನೂ ನಾಜೂಕು. ಅಲ್ಲಿ ಮೊದಲು ಇಇಜಿ, ಅಂದರೆ ತಲೆಗೆ ಎಲೆಕ್ಟ್ರೋಡ್ ಹಚ್ಚಿ ಮೆದುಳಿನ ಸಿಗ್ನಲ್ ದಾಖಲಿಸುವ ಪರೀಕ್ಷೆ. ಹೃದಯದ ಸಿಗ್ನಲ್ ಮಿಲಿವೋಲ್ಟ್ ಲೆಕ್ಕದಲ್ಲಿ ಇರುತ್ತದೆ, ಮೆದುಳಿನದು ಮೈಕ್ರೋವೋಲ್ಟ್ ಲೆಕ್ಕದಲ್ಲಿ. ಅಷ್ಟು ಸಣ್ಣದನ್ನು ಹಿಡಿಯುವಾಗ ಕಣ್ಣು ಮಿಟುಕಿಸಿದ್ದು, ಹಲ್ಲು ಕಚ್ಚಿದ್ದು, ಕರೆಂಟ್ ವೈರಿನ 50 ಹರ್ಟ್ಸ್ ಗದ್ದಲ ಎಲ್ಲವೂ ಸೇರಿಕೊಳ್ಳುತ್ತದೆ. ನಮ್ಮ ಕಡೆ ಬೆವರು ಬೇರೆ. ರಾಯಚೂರಿನ ಮೇ ತಿಂಗಳ 40 ಡಿಗ್ರಿಯಲ್ಲಿ ನಡೆದು ಬಂದವರ ತಲೆಗೆ ಹಾಗೇ ಎಲೆಕ್ಟ್ರೋಡ್ ಹಚ್ಚಿದರೆ ಗೆರೆ ನಿಧಾನ ತೂಗಾಡುತ್ತದೆ, ಅದು ಮೆದುಳಿನದಲ್ಲ, ಬೆವರಿನದು. ತಂಪಾದ ಕೋಣೆಯಲ್ಲಿ ಕೂರಿಸಿ, ಒರೆಸಿ, ಆಮೇಲೆ ಹಚ್ಚಬೇಕು. ತಲೆಗೆ ಎಣ್ಣೆ ಹಾಕದೆ, ತೊಳೆದುಕೊಂಡು ಬನ್ನಿ ಅಂತ ಹಿಂದಿನ ದಿನವೇ ಹೇಳಬೇಕು. ಹಳ್ಳಿಯಿಂದ ಬರುವ ಅಜ್ಜಿಗೆ ಇದನ್ನು ಒಂದೇ ಸಲ ಹೇಳಿದರೆ ಸಾಲದು.

ಎಲೆಕ್ಟ್ರೋಡ್ ಎಲ್ಲಿ ಇಡಬೇಕು ಅನ್ನುವುದಕ್ಕೆ 10-20 ಪದ್ಧತಿ ಇದೆ. ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನವರೆಗೆ ಟೇಪಿನಿಂದ ಅಳೆದು ಶೇಕಡಾ 10, 20ರ ಲೆಕ್ಕದಲ್ಲಿ ಗುರುತು ಹಾಕುತ್ತಾರೆ. ಪರೀಕ್ಷೆ ನಡೆಯುವಾಗಲೇ ಫಿಟ್ಸ್ ಬಂದರೆ ಡಾಕ್ಟರನ್ನು ಕೂಗಬೇಕು, ರೋಗಿಯನ್ನು ಪಕ್ಕಕ್ಕೆ ತಿರುಗಿಸಬೇಕು, ಹೊತ್ತು ಬರೆದುಕೊಳ್ಳಬೇಕು. ರೆಕಾರ್ಡಿಂಗ್ ಮಾತ್ರ ನಿಲ್ಲಿಸಬಾರದು. ಡಾಕ್ಟರಿಗೆ ಬೇಕಾಗಿರುವುದೇ ಆ ಭಾಗ.

ಆಮೇಲೆ ಎನ್‌ಸಿಎಸ್, ನರದಲ್ಲಿ ಸಿಗ್ನಲ್ ಎಷ್ಟು ವೇಗ ಹೋಗುತ್ತದೆ ಅನ್ನುವ ಪರೀಕ್ಷೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರೊಬ್ಬರು ಕೈ ಜೋಮು ಹಿಡಿಯುತ್ತದೆ ಅಂತ ಬಂದರು ಅಂದುಕೊಳ್ಳಿ. ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಶಾಕ್, ಮೊಣಕೈ ಹತ್ತಿರ ಒಂದು. ಎರಡರ ನಡುವೆ 20 ಸೆಂಟಿಮೀಟರ್, ಹೊತ್ತಿನ ವ್ಯತ್ಯಾಸ 4 ಮಿಲಿಸೆಕೆಂಡ್ ಆದರೆ ವೇಗ ಸೆಕೆಂಡಿಗೆ 50 ಮೀಟರ್. ನೀವು ಟೇಪನ್ನು 2 ಸೆಂಟಿಮೀಟರ್ ಕಡಿಮೆ ಓದಿದರೆ ಅದೇ ನರ 45 ತೋರಿಸುತ್ತದೆ, ಸರಿ ಇದ್ದ ನರಕ್ಕೂ ಅನುಮಾನ ಬರುತ್ತದೆ. ಕೈ ತಣ್ಣಗಿದ್ದರೂ ವೇಗ ಇಳಿಯುತ್ತದೆ, ಅದಕ್ಕೇ ಎಸಿ ರೂಮಿನಲ್ಲಿ ಕಾದು ಕುಳಿತವರ ಕೈ ಬೆಚ್ಚಗೆ ಮಾಡಿಯೇ ಶುರು ಮಾಡುತ್ತಾರೆ. ಇಎಂಜಿ, ಅಂದರೆ ಸ್ನಾಯುವಿನ ಸಿಗ್ನಲ್ ನೋಡುವ ಪರೀಕ್ಷೆಯಲ್ಲಿ ಸೂಜಿ ಚುಚ್ಚುವುದು ಡಾಕ್ಟರ ಕೆಲಸ. ವರದಿಗೆ ಸಹಿ ಹಾಕುವುದೂ ಅವರೇ.

ಯಾವುದು ಆರಿಸಬೇಕು?

ಊರಲ್ಲೇ ಕೆಲಸ ಬೇಕು ಅನ್ನುವವರಿಗೆ ಹೃದಯದ ಕಡೆಯೇ ಸಲೀಸು, ಇಸಿಜಿ ಇಲ್ಲದ ಆಸ್ಪತ್ರೆ ಈಗ ಎಲ್ಲಿದೆ? ಜೊತೆಗೆ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ನೋಡುತ್ತಾರೆ, ಹಾರ್ಟ್ ಅಟ್ಯಾಕ್ ಅಂತ ಖಾತ್ರಿಯಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ತಾಲ್ಲೂಕಿನಲ್ಲೇ ಕೊಡುತ್ತಾರೆ. ಅಂದಮೇಲೆ ಅಲ್ಲಿ ಎಲೆಕ್ಟ್ರೋಡ್ ಹಚ್ಚುವ ಕೈ ಎಷ್ಟು ಮುಖ್ಯ ನೋಡಿ. ನರದ ಪರೀಕ್ಷೆ ನಡೆಯುವುದು ನ್ಯೂರಾಲಜಿಸ್ಟ್ ಇರುವ ಕಡೆ ಮಾತ್ರ, ಹಾಗಾಗಿ ಮೊದಲ ಕೆಲಸಕ್ಕೆ ಬೆಂಗಳೂರು, ಹುಬ್ಬಳ್ಳಿ ಕಡೆ ಹೋಗಲು ಸಿದ್ಧ ಇರಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. ಹಳ್ಳಿಯ ಹೆಂಗಸರು ಎದೆ ಪರೀಕ್ಷೆಗೆ ಸಂಕೋಚಪಟ್ಟು ವಾಪಸ್ ಹೋಗುವುದುಂಟು. ಎದುರಿಗೆ ಹೆಣ್ಣುಮಗಳೇ ಇದ್ದರೆ ಆ ತೊಂದರೆ ಇಲ್ಲ. ಧೈರ್ಯವಾಗಿ ಬನ್ನಿ.

ಕೋರ್ಸ್ ಮತ್ತು ಸೀಟು

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಹೃದಯದ ಕಡೆಗೆ ಬಿಎಸ್ಸಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ, ನರದ ಕಡೆಗೆ ಬಿಎಸ್ಸಿ ನ್ಯೂರೋ ಸೈನ್ಸ್ ಟೆಕ್ನಾಲಜಿ ಇವೆ. 3 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು. ಸರ್ಕಾರಿ ಕೋಟಾದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರಕಟಣೆ ಕಾಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಟೆಕ್ನಾಲಜಿ ಡಿಪ್ಲೊಮಾ ಇದೆ, ಅದಕ್ಕೆ ಅರ್ಜಿ ಅಲ್ಲೇ ಬೇರೆ ಹಾಕಬೇಕು.

ನಮ್ಮ ಮೂರೂ ಜಿಲ್ಲೆಗೆ 371ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ ವಿಶೇಷ ಮೀಸಲಾತಿ ಇದೆ, ಮರೆಯಬೇಡಿ. ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ ಶೇಕಡಾ 70 ಸೀಟು, ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸೀಟು ಸ್ಥಳೀಯರಿಗೆ. ಇದಕ್ಕೆ ಅರ್ಹತಾ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ, ಅಂದರೆ ಎಸಿ ಆಫೀಸು. ಕೌನ್ಸೆಲಿಂಗ್ ತಾರೀಖು ಬಂದ ಮೇಲೆ ಓಡಿದರೆ ಆಗುವುದಿಲ್ಲ, ಪರೀಕ್ಷೆ ಮುಗಿದ ವಾರವೇ ಹೋಗಿ.

ಕಾಲೇಜು ನೋಡುವಾಗ ಕೇಳಬೇಕಾದ್ದು

ಬ್ರೋಷರ್ ಪಕ್ಕಕ್ಕಿಡಿ. ಕಟ್ಟಡದ ಬಣ್ಣ ನೋಡಿ ಸೇರಬೇಡಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ? ಕ್ಯಾಥ್ ಲ್ಯಾಬ್ ದಿನಾ ಓಡುತ್ತದಾ, ಬೀಗ ಹಾಕಿರುತ್ತದಾ? ಇಇಜಿ ದಿನಕ್ಕೆ ಎಷ್ಟು ಆಗುತ್ತವೆ? ಒಂದು ಮಷಿನ್‌ಗೆ ಎಷ್ಟು ಮಕ್ಕಳು? ಇದಕ್ಕೆಲ್ಲ ನೇರ ಉತ್ತರ ಕೊಡದವರ ಹತ್ತಿರ ಫೀಸು ಕಟ್ಟಬೇಡಿ. ಹಿರಿಯ ವಿದ್ಯಾರ್ಥಿಗಳನ್ನು ಗೇಟಿನ ಹೊರಗೆ, ಚಹಾ ಅಂಗಡಿ ಹತ್ತಿರ ಮಾತಾಡಿಸಿ, ಒಳಗೆ ಅವರು ಬಾಯಿ ಬಿಡುವುದಿಲ್ಲ. ಕಾಲೇಜಿನ ಹೆಸರಿನ ಜೊತೆ ನಿಮ್ಮ ಕೋರ್ಸಿನ ಹೆಸರೂ ವಿಶ್ವವಿದ್ಯಾಲಯದ ಪಟ್ಟಿಯಲ್ಲಿದೆಯಾ ಅಂತ ನೋಡಿ. 2021ರಲ್ಲಿ ಟೆಕ್ನಾಲಜಿಸ್ಟ್‌ನಂಥ ಅಲೈಡ್ ಆರೋಗ್ಯ ವೃತ್ತಿಗಳಿಗೆ ಅಂತಲೇ ರಾಷ್ಟ್ರೀಯ ಕಾನೂನು ಬಂದಿದೆ, ವೃತ್ತಿಯವರ ಹೆಸರು ನೋಂದಣಿ ಆಗಬೇಕು ಅಂತ ಅದು ಹೇಳುತ್ತದೆ. ಮಹಡಿ ಮೇಲಿನ ಒಂದು ರೂಮಿನಲ್ಲಿ ಆರು ತಿಂಗಳಿಗೆ ಸರ್ಟಿಫಿಕೇಟ್ ಕೊಡುವವರನ್ನು ನಂಬಿದರೆ ಮುಂದೆ ಕಷ್ಟ.

ಓದುವಾಗ

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ ಎಲ್ಲ ಇಂಗ್ಲಿಷ್‌ನಲ್ಲೇ ಇರುತ್ತದೆ. ಕನ್ನಡ ಮೀಡಿಯಂ ಮಕ್ಕಳಿಗೆ ಮೊದಲ ಕೆಲ ತಿಂಗಳು ತಲೆ ಬಿಸಿ, ಸುಮ್ನೆ ಹೆದರಿ ಬಿಟ್ಟು ಬರಬೇಡಿ. ನಮ್ಮ ಮಕ್ಕಳಿಗೆ ಇರುವ ಬಲ ಬೇರೆ. ರಾಯಚೂರಲ್ಲಿ ಬೆಳೆದವರಿಗೆ ಕನ್ನಡದ ಜೊತೆ ತೆಲುಗು, ಉರ್ದು ಕಿವಿಗೆ ಬಿದ್ದೇ ಇರುತ್ತದೆ. ಇಇಜಿಯಲ್ಲಿ ಮೂರು ನಿಮಿಷ ಜೋರಾಗಿ ಉಸಿರಾಡಿಸಬೇಕು, ಗಾಬರಿಯಾದ ರೋಗಿಗೆ ಅವರ ಮಾತಿನಲ್ಲೇ ಹೇಳಿದರೆ ಕೇಳುತ್ತಾರೆ.

ಇಂಟರ್ನ್‌ಶಿಪ್ಪಿನಲ್ಲಿ ನೈಟ್ ಡ್ಯೂಟಿ ತಪ್ಪಿಸಬೇಡಿ. ಒಬ್ಬರೇ ನಿಂತು ಮಾಡುವ ಅವಕಾಶ ಸಿಗುವುದು ಆಗಲೇ. ಯಾವ ಪರೀಕ್ಷೆ ಎಷ್ಟು ಮಾಡಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಇಂಟರ್‌ವ್ಯೂನಲ್ಲಿ ಅಂಕಪಟ್ಟಿಗಿಂತ ಮೊದಲು ಅದನ್ನೇ ಕೇಳಬಹುದು.

ಕೆಲಸ

ಸರ್ಕಾರಿ ಹುದ್ದೆ ಕರೆದಾಗ 371ಜೆ ಮತ್ತೆ ಕೈ ಹಿಡಿಯುತ್ತದೆ, ನಮ್ಮ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇಕಡಾ 80 ಸ್ಥಳೀಯರಿಗೆ. ಆದರೆ ಅದು ಕರೆಯುವವರೆಗೆ ಮನೆಯಲ್ಲಿ ಕೂರಬೇಡಿ, ಕೈ ತುಕ್ಕು ಹಿಡಿಯುತ್ತದೆ. ಖಾಸಗಿಯಲ್ಲಿ ಶುರುವಿನ ಸಂಬಳ ಕಡಿಮೆಯೇ, ಇದನ್ನು ಅಪ್ಪ-ಅವ್ವನಿಗೆ ಮೊದಲೇ ಹೇಳಿಬಿಡಿ. ಬೆಲೆ ಏರುವುದು ಕ್ಯಾಥ್ ಲ್ಯಾಬ್‌ನಲ್ಲೋ ಎನ್‌ಸಿಎಸ್‌ನಲ್ಲೋ ಕೈ ಕುದುರಿದ ಮೇಲೆ. ಸೇರುವ ಮೊದಲು ಡ್ಯೂಟಿ ಎಷ್ಟು ಗಂಟೆ, ರಾತ್ರಿ ಪಾಳಿಗೆ ಬೇರೆ ದುಡ್ಡು ಇದೆಯಾ, ಪಿಎಫ್ ಹಿಡಿಯುತ್ತಾರಾ ಅಂತ ಕೇಳಿ. ಕ್ಯಾಥ್ ಲ್ಯಾಬ್ ಆದರೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ನಿಮ್ಮ ಹೆಸರಿನಲ್ಲೇ ಕೊಡುತ್ತಾರಾ ಅನ್ನುವುದನ್ನೂ ಕೇಳಿ. ಕೊಡುವುದಿಲ್ಲ ಅಂದರೆ ಅಲ್ಲಿ ಸೇರಲೇಬೇಡಿ.