ಚಳಿ ಜಾಸ್ತಿಯಾಗುವ ಮುಂಚೆ ಹಿತ್ತಲಿನ ಟೊಮೆಟೊ ಕಿತ್ತುಬಿಡಿ

ವಿಜಯಪುರದ ಕಡೆ ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ತಾಪಮಾನ ಕೆಲವೊಮ್ಮೆ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಹಿಮ ಬೀಳುವುದಿಲ್ಲ ನಿಜ. ಆದರೆ ಟೊಮೆಟೊ, ಬದನೆ, ಬೆಂಡೆ ಸೊರಗೋದಕ್ಕೆ ಅಷ್ಟು ಚಳಿಯೇ ಸಾಕು. ಹವಾಮಾನ ಇಲಾಖೆ ಶೀತ ಗಾಳಿಯ ಮುನ್ಸೂಚನೆ ಕೊಟ್ಟ ದಿನವೇ ಬಲಿತ ಕಾಯಿ ಕಿತ್ತುಕೊಳ್ಳಿ. ಮೆಂತ್ಯ, ಪಾಲಕ್, ಗಜ್ಜರಿ ಚಳಿ ತಡೆಯುತ್ತವೆ, ಅವಕ್ಕೆ ಅವಸರ ಬೇಡ.

ತುದಿಯಲ್ಲಿ ತುಸು ಬಣ್ಣ ತಿರುಗಿದ ಟೊಮೆಟೊವನ್ನು ಪೇಪರಿನಲ್ಲಿ ಸುತ್ತಿ ಅಡುಗೆಮನೆಯಲ್ಲಿಟ್ಟರೆ ತಾನಾಗೇ ಹಣ್ಣಾಗುತ್ತದೆ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಸರಿಯಾಗಿ ಹಣ್ಣಾಗೋದಿಲ್ಲ, ರುಚಿಯೂ ಹೋಗುತ್ತದೆ.

ಪೂರ್ತಿ ಹಸಿರು ಕಾಯಿಗೆ ಚಟ್ನಿಯೇ ಸರಿ. ಎಣ್ಣೆಯಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಬಾಡಿಸಿ. ಟೊಮೆಟೊ ಹೋಳು ಹಾಕಿ, ನೀರು ಆರಿ ಸಿಪ್ಪೆಯ ಮೇಲೆ ಅಲ್ಲಲ್ಲಿ ಕಂದು ಕಲೆ ಬೀಳುವ ತನಕ ಹುರಿಯಿರಿ. ಹುರಿದ ಶೇಂಗಾ, ಉಪ್ಪು, ಚೂರು ಬೆಲ್ಲ ಸೇರಿಸಿ ತರಿತರಿಯಾಗಿ ಕುಟ್ಟಿ. ಮಿಕ್ಸರ್‌ಗಿಂತ ಒರಳಲ್ಲಿ ಕುಟ್ಟಿದ್ದೇ ನನಗೆ ಇಷ್ಟ, ಶೇಂಗಾ ಬಾಯಿಗೆ ಸಿಗಬೇಕು ಅಲ್ವಾ? ಬಿಸಿ ಸಜ್ಜೆ ರೊಟ್ಟಿಗೆ ಹೇಳಿ ಮಾಡಿಸಿದ ಜೋಡಿ. ಗಿಡದ ಎಲೆ, ಕಾಂಡ ಅಡುಗೆಗೆ ಬಳಸಬೇಡಿ.

ಬದನೆ ಎಳೆಯದಿದ್ದರೆ ಎಣ್ಣೆಗಾಯಿ, ಬಲಿತಿದ್ದರೆ ಸುಟ್ಟು ಭರ್ತ ಮಾಡಿ.