ಬಳ್ಳಾರಿ, ರಾಯಚೂರು ಕಡೆಯಿಂದ ಹೊರಟು ತಲೆ-ಕತ್ತಿನ ಕ್ಯಾನ್ಸರ್ ಸರ್ಜನ್ ಹಾಗೂ ಪ್ರಾಧ್ಯಾಪಕರಾಗುವ ಬಗೆ

ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ರಾಯಚೂರಿನ ರಿಮ್ಸ್ ಅಥವಾ ಕೊಪ್ಪಳದ ಕಿಮ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವವರು ಈ ವೃತ್ತಿಯನ್ನು ಬಯಸಿದರೆ ಮೊದಲು ದಾರಿಯ ಉದ್ದವನ್ನು ಅರಿತಿರಬೇಕು. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ, ನೀಟ್ ಪಿಜಿ ಬರೆದು ಜನರಲ್ ಸರ್ಜರಿ ಅಥವಾ ಇಎನ್‌ಟಿಯಲ್ಲಿ ಎಂಎಸ್ ಮಾಡಲು 3 ವರ್ಷ, ನೀಟ್ ಎಸ್‌ಎಸ್ ಪ್ರವೇಶ ಪರೀಕ್ಷೆಯ ಮೂಲಕ ಎಂಸಿಎಚ್ ಎಂಬ ಸೂಪರ್ ಸ್ಪೆಷಾಲಿಟಿ ಪದವಿಗೆ ಮತ್ತೆ 3 ವರ್ಷ ಬೇಕು. ರಾಜ್ಯ ಕೋಟಾದ ಎಂಎಸ್ ಸೀಟಿಗೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ ನೆರವಾಗುವುದರಿಂದ ಅದನ್ನು ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಇಎನ್‌ಟಿಯಿಂದ ಬಂದವರಿಗೆ ಧ್ವನಿಪೆಟ್ಟಿಗೆ ಮತ್ತು ಎಂಡೋಸ್ಕೋಪ್ ಒಗ್ಗಿರುತ್ತವೆ, ಜನರಲ್ ಸರ್ಜರಿಯವರಿಗೆ ದೊಡ್ಡ ಆಪರೇಷನ್ನುಗಳ ರೂಢಿಯಿರುತ್ತದೆ. ಯಾವುದು ಮೇಲೆಂಬ ವಾದದಲ್ಲಿ ಹುರುಳಿಲ್ಲ.

ಪ್ರಾಧ್ಯಾಪಕರ ತಯಾರಿ ಇದಕ್ಕೂ ಮೊದಲೇ, ಒಪಿಡಿಯಲ್ಲಿ ಶುರುವಾಗಬೇಕು. ತಂಬಾಕು-ಸುಣ್ಣ ತಿಕ್ಕಿ ಕೆನ್ನೆಯೊಳಗೆ ಇಟ್ಟುಕೊಳ್ಳುವ ರೋಗಿಗೆ ಹುಣ್ಣು ಬಹುಮಟ್ಟಿಗೆ ಅದೇ ಜಾಗದಲ್ಲಿ ಎದ್ದಿರುತ್ತದೆ. ಯಾವ ಕಡೆ, ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ ಎಂದು ಕೇಳಿ ಬರೆದುಕೊಳ್ಳಿ. ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ‘ಎರಡು ಬೆರಳು’ ಎಂದು ಗೀಚದೆ, ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ಅಂಚಿನ ನಡುವೆ ಅಳತೆಪಟ್ಟಿ ಹಿಡಿದು ಮಿಲಿಮೀಟರಿನಲ್ಲಿ ನಮೂದಿಸಿ. ಅರಿವಳಿಕೆ ಕೊಡುವವರಿಗೂ ಆ ಸಂಖ್ಯೆಯೇ ಬೇಕು. ಆಪರೇಷನ್ ನಂತರದ ಪೆಥಾಲಜಿ ವರದಿಯಲ್ಲಿ ಗಡ್ಡೆಯ ಅಗಲ ಮಾತ್ರವಿದ್ದು ಆಳ ಬಿಟ್ಟುಹೋಗಿದ್ದರೆ ಅದೇ ವಾರ ಹೋಗಿ ಕೇಳಿ. ಕ್ಯಾನ್ಸರಿನ ಹಂತಗಳನ್ನು ವಿಂಗಡಿಸುವ ಅಮೆರಿಕದ ಸಮಿತಿ ಎಜೆಸಿಸಿಯ ಕೈಪಿಡಿಯ 8ನೇ ಆವೃತ್ತಿಯಿಂದ ಬಾಯಿ ಕ್ಯಾನ್ಸರಿನ ಹಂತವನ್ನು ನಿರ್ಧರಿಸುವಾಗ ಗಡ್ಡೆ ಒಳಗಿಳಿದ ಆಳವೂ ಲೆಕ್ಕಕ್ಕೆ ಬರುತ್ತದೆ. 5 ಮತ್ತು 10 ಮಿಲಿಮೀಟರುಗಳು ಅದರ ಗಡಿಗಳು. ಆ ಅಂಕಿಯಿಲ್ಲದ ಕೇಸು ಮುಂದೆ ಯಾವ ಅಧ್ಯಯನಕ್ಕೂ ಒದಗುವುದಿಲ್ಲ.

ಪ್ರಶ್ನೆ ಸರಳವಾಗಿದ್ದರೂ ಉತ್ತರ ದೊಡ್ಡದಾಗಬಹುದು. ಆರಂಭಿಕ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕತ್ತಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ಮೊದಲ ಆಪರೇಷನ್ನಿನಲ್ಲೇ ತೆಗೆಯಬೇಕೋ, ಗಂಟು ಕಾಣಿಸಿದ ಮೇಲೆ ತೆಗೆದರೆ ಸಾಕೋ ಎಂಬುದು ದಶಕಗಳ ತಕರಾರಾಗಿತ್ತು. ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲಿ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 3 ವರ್ಷಗಳ ನಂತರ ಬದುಕುಳಿದವರ ಪ್ರಮಾಣ ಮೊದಲೇ ತೆಗೆದವರಲ್ಲಿ ಶೇ 80, ಕಾದು ತೆಗೆದವರಲ್ಲಿ ಶೇ 67.5 ಎಂದು ಕಂಡುಬಂತು. ಎಂಎಸ್ ಪ್ರಬಂಧದ ವಿಷಯವನ್ನು ಸೀನಿಯರ್‌ಗಳ ಹಳೆಯ ಪಟ್ಟಿಯಿಂದ ಎತ್ತಿಕೊಳ್ಳದೆ, ಇಂಥದೊಂದು ಪ್ರಶ್ನೆಯನ್ನು ನಿಮ್ಮದೇ ಒಪಿಡಿಯಲ್ಲಿ ಹುಡುಕಿ.

ಗಡ್ಡೆ ತೆಗೆದ ಜಾಗವನ್ನು ದೇಹದ ಬೇರೆಡೆಯ ಅಂಗಾಂಶದಿಂದ (ಫ್ಲ್ಯಾಪ್) ಮುಚ್ಚಲು, ಎಂಸಿಎಚ್ ವೇಳೆಯಲ್ಲಿ ಮೈಕ್ರೋಸ್ಕೋಪಿನಡಿ ರಕ್ತನಾಳ ಜೋಡಿಸುವುದನ್ನು ಕಲಿಯಿರಿ, ಆದರೆ ಎದೆಯ ಸ್ನಾಯುವಿನ ಫ್ಲ್ಯಾಪನ್ನು ಕಡೆಗಣಿಸಬೇಡಿ. ಮೈಕ್ರೋಸ್ಕೋಪ್ ಇಲ್ಲದ ಜಿಲ್ಲಾ ಆಸ್ಪತ್ರೆಯಲ್ಲಿ ಕೈಹಿಡಿಯುವುದು ಅದೇ.

ಸಹಾಯಕ ಪ್ರಾಧ್ಯಾಪಕರಾಗಿ ಊರಿಗೆ ಮರಳಿದವರಿಗೆ ಆಪರೇಷನ್ನಿಗಿಂತ ರೋಗಿಯನ್ನು ಮತ್ತೆ ಕರೆಸಿಕೊಳ್ಳುವುದೇ ಕಷ್ಟವಾಗುತ್ತದೆ. ರೇಡಿಯೇಷನ್ ಅಗತ್ಯವಿದ್ದರೆ ಅದು ಆಪರೇಷನ್ನಾದ 6 ವಾರಗಳೊಳಗೆ ಆರಂಭವಾಗಬೇಕು. ಅಷ್ಟರಲ್ಲಿ ಮನೆಯವರು ಬೆಂಗಳೂರಿಗೆ ಗುಳೆ ಹೋಗಿರಬಹುದು. ಆದ್ದರಿಂದ ಡಿಸ್ಚಾರ್ಜ್ ಕಾಗದದ ಮೇಲೆ ರೋಗಿಯ ನಂಬರಿನ ಜೊತೆಗೆ, ಊರಲ್ಲೇ ಉಳಿಯುವ ಒಬ್ಬರ ನಂಬರನ್ನೂ ಬರೆಸಿಕೊಂಡು ಅಲ್ಲೇ ಒಮ್ಮೆ ಫೋನ್ ಹಚ್ಚಿ ನೋಡಿ.